ಟ್ರಸ್ ಸೂರ್ಯನನ್ನೂ ದಾಟಿ ಹೋದ ಲೆಕ್ಕ

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷ ಸಿ ಕಲಿತೆ, ಹೇಗೋ ಪಾಸಾದೆ. ಈಗ ಮಿನಿ ಪ್ರಾಜೆಕ್ಟ್‌ಗೆ ಐದು ಜಾಯಿಂಟ್, ಏಳು ಮೆಂಬರ್‌ಗಳ ಒಂದು ಟ್ರಸ್ (ಕಂಬಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಅನ್ನು ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮಾಡಬೇಕಿದೆ. ಕೆಳಗೆ ಮೂರು ಜಾಯಿಂಟ್, ಮೇಲೆ ಎರಡು. ಎಲ್ಲ ಮೆಂಬರ್‌ಗಳೂ 3 ಮೀಟರ್ ಉದ್ದದ ಉಕ್ಕು, ಅಡ್ಡಕೊಯ್ತ 1000 ಚದರ ಮಿಲಿಮೀಟರ್. ಕೆಳಗಿನ ನಡು ಜಾಯಿಂಟ್‌ಗೆ 10 ಕಿಲೋನ್ಯೂಟನ್ ಲೋಡ್. 10×10ರ ಸ್ಟಿಫ್‌ನೆಸ್ (ಬಿಗಿ) ಮ್ಯಾಟ್ರಿಕ್ಸ್ ಕಟ್ಟಿ, ಇನ್ವರ್ಸ್ ತೆಗೆದು, ಲೋಡ್‌ನಿಂದ ಗುಣಿಸಿದೆ. ಏನೋ ವಾರ್ನಿಂಗ್ ಬಂತು. ಉತ್ತರ 3.1×10¹² ಮೀಟರ್! ಸೂತ್ರವನ್ನು ನಾಲ್ಕು ಸಲ ನೋಡಿದೆ, ಸರಿ ಇದೆ. ನಾನು ಲೂಪ್ ಹಾಕಿದ್ದೇ ತಪ್ಪು ಅಂತ ನಮ್ಮ ಸರ್ ಹೇಳುತ್ತಾರೆ. ಮ್ಯಾಟ್‌ಲ್ಯಾಬ್ ಬಿಟ್ಟು ಪೈಥಾನ್ ಕಲಿ ಅಂತ ರೂಮ್‌ಮೇಟ್ ಹೇಳುತ್ತಾನೆ. ನನ್ನದು 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್, ಅದರಲ್ಲಿರುವುದು ಸೀನಿಯರ್ ಹಾಕಿಕೊಟ್ಟ ಕ್ರ್ಯಾಕ್ ಮಾಡಿದ ಮ್ಯಾಟ್‌ಲ್ಯಾಬ್. ಸಿವಿಲ್‌ನವರಿಗೆ ಇದೆಲ್ಲ ಬೇಕಾ? ಗಣಿತ, ಇಂಗ್ಲಿಷ್ ಎರಡೂ ಅಷ್ಟಕ್ಕಷ್ಟೇ ಇರುವವರಿಗೆ ಪ್ರೋಗ್ರಾಮಿಂಗ್ ಬರುವುದೇ ಇಲ್ವಾ?

ಉತ್ತರ: ಮೊದಲು ಆ ಸಂಖ್ಯೆಯನ್ನೇ ನೋಡೋಣ. 3.1×10¹² ಮೀಟರ್ ಅಂದರೆ 310 ಕೋಟಿ ಕಿಲೋಮೀಟರ್. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಒಂದು ಟನ್ ಭಾರ ನೇತುಹಾಕಿದ್ದಕ್ಕೆ ನಿಮ್ಮ ಟ್ರಸ್ ಸೂರ್ಯನನ್ನೂ ದಾಟಿ ಇಪ್ಪತ್ತು ಪಟ್ಟು ದೂರ ಹೋಗಿದೆ. ನಗಬೇಡಿ, ನಾನೂ ಇಂಥ ಟ್ರಸ್‌ಗಳನ್ನು ಕಳಿಸಿದ್ದೇನೆ. ಹೀಗೆ ಪೂರ್ತಿ ಕೆಟ್ಟ ಉತ್ತರ ಬಂದರೆ ಒಳ್ಳೆಯದೇ, ಎಲ್ಲೋ ತಪ್ಪಿದೆ ಅಂತ ಅದೇ ಕೂಗಿ ಹೇಳುತ್ತದೆ. ನನಗೆ ಭಯವಾಗುವುದು ಸದ್ದಿಲ್ಲದೆ ಬರುವ ತಪ್ಪು ಉತ್ತರಗಳ ಬಗ್ಗೆ. ಅಂಥವು ಒಂದೆರಡನ್ನು ಮುಂದೆ ತೋರಿಸುತ್ತೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜಾಯಿಂಟ್ ಇದೆ, ಮೆಂಬರ್ ಇದೆ, ಲೋಡ್ ಇದೆ, ಅಡ್ಡಕೊಯ್ತವೂ ಇದೆ. ಟ್ರಸ್ ಅನ್ನು ಅಲ್ಲಾಡದ ಹಾಗೆ ಹಿಡಿದಿಡುವ ಸಪೋರ್ಟ್ ಅನ್ನುವ ಮಾತೇ ಇಲ್ಲ. ಬಹುಶಃ ಪ್ರೋಗ್ರಾಮ್‌ನಲ್ಲೂ ಇಲ್ಲ.

ಟ್ರಸ್ ಪಕ್ಕಕ್ಕಿಡಿ. ಒಂದು ಕಾಗದದಲ್ಲಿ ಎರಡು ಸ್ಪ್ರಿಂಗ್ ಬರೆಯಿರಿ, ಒಂದರ ಬಾಲಕ್ಕೆ ಇನ್ನೊಂದು. ಮೊದಲನೆಯದರ ಬಿಗಿ ಮಿಲಿಮೀಟರ್‌ಗೆ 100 ನ್ಯೂಟನ್, ಎರಡನೆಯದರದ್ದು 200. ಮೂರು ಬಿಂದುಗಳಾದವು. ಅದರ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್ ಹೀಗೆ:

100  -100  0
-100  300  -200
0  -200  200

ಪ್ರತಿ ಅಡ್ಡಸಾಲನ್ನೂ ಕೂಡಿಸಿ ನೋಡಿ. ಮೂರೂ ಸೊನ್ನೆ. ಅಂದರೆ ಮೂರು ಬಿಂದುಗಳನ್ನೂ ಒಟ್ಟಿಗೆ ಒಂದೊಂದು ಮಿಲಿಮೀಟರ್ ಸರಿಸಿದರೆ ಯಾವ ಬಲವೂ ಬೇಡ. ಬೇಕಾಗುವುದಾದರೂ ಯಾಕೆ? ಸ್ಪ್ರಿಂಗ್ ಅನ್ನು ಗೋಡೆಗೆ ಕಟ್ಟಿಯೇ ಇಲ್ಲವಲ್ಲ, ಸುಮ್ನೆ ಮೇಜಿನ ಮೇಲೆ ಬಿದ್ದಿದೆ. ಅದರ ತುದಿಯನ್ನು 50 ನ್ಯೂಟನ್ ಬಲದಿಂದ ಎಳೆದರೆ ಎಷ್ಟು ದೂರ ಹೋಗುತ್ತದೆ ಎಂದು ಕಂಪ್ಯೂಟರನ್ನು ಕೇಳಿದಿರಿ ಅನ್ನಿ. ಅದಕ್ಕೆ ಉತ್ತರವೇ ಇಲ್ಲ. ಪಿಯು ಪುಸ್ತಕದಲ್ಲಿ 'ನಿರ್ಧಾರಕ (ಡಿಟರ್ಮಿನೆಂಟ್) ಸೊನ್ನೆಯಾದರೆ ವಿಲೋಮ (ಇನ್ವರ್ಸ್) ಇಲ್ಲ' ಎಂದು ಉರು ಹೊಡೆದದ್ದು ಇದನ್ನೇ. ಅದು ಗೋಡೆಗೆ ಕಟ್ಟದ ಸ್ಪ್ರಿಂಗ್‌ನ ಕಥೆ ಅಂತ ನಮಗೆ ಯಾರೂ ಹೇಳಲಿಲ್ಲ, ಅಷ್ಟೆ.

ಈಗ ಮೊದಲ ಬಿಂದುವನ್ನು ಗೋಡೆಗೆ ಕಟ್ಟಿ. ಅದು ಅಲ್ಲಾಡುವುದಿಲ್ಲ. ಹಾಗಾಗಿ ಮೊದಲ ಅಡ್ಡಸಾಲು, ಮೊದಲ ಕಂಬಸಾಲು ಎರಡನ್ನೂ ಹೊಡೆದುಹಾಕಿ. ಉಳಿದದ್ದು 300, -200, -200, 200. ತುದಿಗೆ 50 ನ್ಯೂಟನ್ ಕೊಟ್ಟರೆ ನಡು ಬಿಂದು 0.5 ಮಿಲಿಮೀಟರ್, ತುದಿ 0.75 ಮಿಲಿಮೀಟರ್ ಸರಿಯುತ್ತದೆ. ಬಾಯಿಲೆಕ್ಕದಲ್ಲೇ ತಾಳೆ ನೋಡಬಹುದು: 50ನ್ನು 100ರಿಂದ ಭಾಗಿಸಿದರೆ ಅರ್ಧ, 200ರಿಂದ ಭಾಗಿಸಿದರೆ ಕಾಲು, ಎರಡೂ ಸೇರಿ ಮುಕ್ಕಾಲು.

ನಿಮ್ಮ ಟ್ರಸ್‌ನಲ್ಲಿ ಹೀಗೆ ಕಟ್ಟದ ಚಲನೆಗಳು ಮೂರಿವೆ. ಅದು ಇಡಿಯಾಗಿ ಅಡ್ಡಕ್ಕೆ ಜಾರಬಹುದು, ಮೇಲೆ ಕೆಳಗೆ ಜಾರಬಹುದು, ಗಿರ್ರನೆ ತಿರುಗಬಹುದು. ನಿಮ್ಮ 10×10ರ ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಕೇಳಿ ನೋಡಿ. 7 ಅನ್ನಬೇಕು, ಅಂದರೆ ಹತ್ತು ಸಾಲುಗಳಲ್ಲಿ ಸ್ವತಂತ್ರವಾದವು ಏಳೇ. ಕಡಿಮೆ ಬಂದಿರುವ ಆ ಮೂರೇ ಈ ಮೂರು ಚಲನೆ. ಒಂದು ಕಡೆ ಪಿನ್ (ಅಡ್ಡ, ಲಂಬ ಎರಡೂ ಚಲನೆ ತಡೆಯುವ ಸಪೋರ್ಟ್), ಇನ್ನೊಂದು ಕಡೆ ರೋಲರ್ (ಲಂಬ ಚಲನೆ ಮಾತ್ರ ತಡೆಯುವುದು) ಕೊಟ್ಟಾಗ ನಾವು ಕಟ್ಟುವುದೂ ಮೂರನ್ನೇ. ರ‍್ಯಾಂಕ್ 7 ಬಂದರೆ ನಿಮ್ಮ ಜೋಡಣೆ ಬಹುಮಟ್ಟಿಗೆ ಸರಿಯಾಗಿದೆ ಎಂದೇ ನಂಬಿ.

ಹಾಗಾದರೆ ಕಂಪ್ಯೂಟರ್ 'ಉತ್ತರ ಇಲ್ಲ' ಎನ್ನದೆ 3.1×10¹² ಯಾಕೆ ಕೊಟ್ಟಿತು? ನಿಮ್ಮ ಮೆಂಬರ್‌ಗಳು 60 ಡಿಗ್ರಿಯಲ್ಲಿ ವಾಲಿವೆ. ಸೈನ್ 60ನ್ನು ಯಂತ್ರ ಪೂರ್ತಿ ಬರೆದಿಡಲಾರದು, ಸುಮಾರು 16 ಅಂಕಿಗೆ ಕತ್ತರಿಸುತ್ತದೆ. ಕಮಾಂಡ್ ವಿಂಡೋದಲ್ಲಿ '0.1 ಕೂಡಿಸು 0.2, ಇದು 0.3ಕ್ಕೆ ಸಮವೇ' ಎಂದು ಕೇಳಿ. ಅಲ್ಲ ಅನ್ನುತ್ತದೆ. ಹಾಗೆ ಸೊನ್ನೆಯಾಗಬೇಕಿದ್ದ ಜಾಗದಲ್ಲಿ ಒಂದು ಚೂರು ಕಸ ಉಳಿಯಿತು, ಕಂಪ್ಯೂಟರ್ ಅದರಿಂದಲೇ ಭಾಗಿಸಿತು. ನಿಮ್ಮ ಮೆಂಬರ್‌ನ ಬಿಗಿ ಮೀಟರ್‌ಗೆ ಸುಮಾರು 6.7×10⁷ ನ್ಯೂಟನ್. ಅದರ 16ನೇ ಅಂಕಿಯ ಹತ್ತಿರದ ಕಸ ಅಂದರೆ 10⁻⁸ರ ಆಸುಪಾಸು. 10 ಕಿಲೋನ್ಯೂಟನ್ ಅಂದರೆ 10⁴ ನ್ಯೂಟನ್. ಇದನ್ನು 10⁻⁸ರಿಂದ ಭಾಗಿಸಿ. 10¹² ಬಂತಲ್ಲ! ನೀವು ಕಂಡದ್ದು ಆ ಕಸದ ತಲೆಕೆಳಗು.

ಈ ಕಸವನ್ನು ಸಣ್ಣದು ಎನ್ನುವ ಹಾಗಿಲ್ಲ. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಒಂದು ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಎದುರು ಬಂದ ಸ್ಕಡ್ ಕ್ಷಿಪಣಿಯನ್ನು ಹಿಡಿಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ದರು. ಯಂತ್ರ 100 ಗಂಟೆ ಓಡುವಷ್ಟರಲ್ಲಿ ಆ ಚೂರುಗಳೇ ಸೇರಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಗಿದ್ದವು.

'ಏನೋ ವಾರ್ನಿಂಗ್ ಬಂತು' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಆ ವಾರ್ನಿಂಗ್ ಹೇಳುತ್ತಿದ್ದದ್ದು, ಮ್ಯಾಟ್ರಿಕ್ಸ್ ಸಿಂಗ್ಯುಲರ್ (ಇನ್ವರ್ಸ್ ಇಲ್ಲದ್ದು) ಆಗುವ ಹತ್ತಿರವಿದೆ, ಉತ್ತರ ನಂಬಬೇಡ ಅಂತ. ನಿಮಗೆ ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಮೊದಲ ಕೆಲಸದಲ್ಲಿ ಒಂದು ಗೋದಾಮಿನ ಛಾವಣಿಯ ಲೆಕ್ಕ ಓಡಿಸುವಾಗ ಇದೇ ವಾರ್ನಿಂಗ್ ಸಾಲುಗಟ್ಟಿ ಬರುತ್ತಿತ್ತು. ಕಿರಿಕಿರಿ ಅಂತ ಅದನ್ನೇ ಆಫ್ ಮಾಡಿದೆ. ಮೂರು ದಿನ ಆದಮೇಲೆ ಪಕ್ಕದ ಹಿರಿಯರೊಬ್ಬರು ಪ್ರಿಂಟ್ ನೋಡಿ, 'ಈ ಮೂಲೆಯ ಕಂಬ ಯಾವುದರ ಮೇಲೆ ನಿಂತಿದೆ?' ಎಂದು ಕೇಳಿದರು. ಯಾವುದರ ಮೇಲೂ ನಿಂತಿರಲಿಲ್ಲ. ಆಮೇಲೆ ನಾನು ಯಾವ ವಾರ್ನಿಂಗ್ ಅನ್ನೂ ಆಫ್ ಮಾಡಿಲ್ಲ.

ಇನ್ನು ಇನ್ವರ್ಸ್ ವಿಚಾರ. ಪುಸ್ತಕದಲ್ಲಿ ಹಾಗೆ ಬರೆಯುತ್ತಾರೆ, ಕಂಪ್ಯೂಟರ್‌ನಲ್ಲಿ ಹಾಗೆ ಮಾಡುವುದಿಲ್ಲ. 21ನ್ನು 7ರಿಂದ ಭಾಗಿಸಲು ನೀವು ಮೊದಲು ಏಳನೇ ಒಂದು ಎಷ್ಟು ಎಂದು ದಶಮಾಂಶದಲ್ಲಿ ಬರೆದುಕೊಂಡು ಆಮೇಲೆ 21ರಿಂದ ಗುಣಿಸುತ್ತೀರಾ? ನೇರವಾಗಿ ಭಾಗಿಸುತ್ತೀರಿ. ಮ್ಯಾಟ್‌ಲ್ಯಾಬ್‌ನಲ್ಲಿ ಆ ನೇರ ದಾರಿ ಬ್ಯಾಕ್‌ಸ್ಲ್ಯಾಶ್: ಕೆ \ ಎಫ್ (ಕೆ ಅಂದರೆ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್, ಎಫ್ ಅಂದರೆ ಲೋಡ್). ಅದು ಮ್ಯಾಟ್ರಿಕ್ಸ್‌ನ ಗುಣ ನೋಡಿ ದಾರಿ ಹಿಡಿಯುತ್ತದೆ. ತ್ರಿಕೋನವಾಗಿದ್ದರೆ ಸೀದಾ ಬದಲಿ ಹಾಕುತ್ತದೆ. ಕಟ್ಟಿದ ಟ್ರಸ್‌ನ ಹಾಗೆ ಸಮ್ಮಿತಿ ಇದ್ದು ಗಟ್ಟಿಯಾಗಿದ್ದರೆ ಚೊಲೆಸ್ಕಿ, ಇಲ್ಲದಿದ್ದರೆ ಎಲ್‌ಯು; ಎರಡೂ ಮ್ಯಾಟ್ರಿಕ್ಸ್ ಅನ್ನು ತ್ರಿಕೋನಗಳಾಗಿ ಒಡೆಯುವ ವಿಧಾನಗಳು. ಒಂದು ಎಚ್ಚರ ಬೇಕು: ಮ್ಯಾಟ್ರಿಕ್ಸ್ ಚೌಕವಾಗಿರದಿದ್ದರೂ ಬ್ಯಾಕ್‌ಸ್ಲ್ಯಾಶ್ ತಗಾದೆ ಮಾಡುವುದಿಲ್ಲ. ಲೀಸ್ಟ್ ಸ್ಕ್ವೇರ್ಸ್ (ಆದಷ್ಟು ಹತ್ತಿರ ಹೊಂದುವ ಉತ್ತರ ಹುಡುಕುವ) ಲೆಕ್ಕ ಹಾಕಿ ಏನೋ ಒಂದು ಕೊಟ್ಟುಬಿಡುತ್ತದೆ. ಸಪೋರ್ಟ್ ಕಟ್ಟುವಾಗ ಅಡ್ಡಸಾಲು ತೆಗೆದು ಕಂಬಸಾಲು ತೆಗೆಯಲು ಮರೆತರೆ ಇದೇ ಆಗುವುದು.

ಕಂಪ್ಯೂಟರ್ ಕೊಟ್ಟ ಡಿಟರ್ಮಿನೆಂಟ್ ನೋಡಿ ಸಿಂಗ್ಯುಲರ್ ಹೌದೋ ಅಲ್ಲವೋ ಹೇಳಬಹುದು ಅನ್ನುವುದು ಇನ್ನೊಂದು ತಪ್ಪು ನಂಬಿಕೆ. ಮ್ಯಾಟ್‌ಲ್ಯಾಬ್‌ನ 4×4ರ ಮಾಯಾಚೌಕ ನಿಜವಾಗಿ ಸಿಂಗ್ಯುಲರ್, ಆದರೂ ಅದರ ಡಿಟರ್ಮಿನೆಂಟ್ ಸೊನ್ನೆ ಎಂದು ತೋರುವುದಿಲ್ಲ, -1.4495×10⁻¹² ಎಂದು ತೋರುತ್ತದೆ. ಅತ್ತ 100×100ರ ಐಡೆಂಟಿಟಿಯನ್ನು 0.1ರಿಂದ ಗುಣಿಸಿದರೆ ಡಿಟರ್ಮಿನೆಂಟ್ 10⁻¹⁰⁰, ಆದರೆ ಅದಕ್ಕಿಂತ ಸಾಧು ಮ್ಯಾಟ್ರಿಕ್ಸ್ ಸಿಗುವುದಿಲ್ಲ. ಕಂಡೀಷನ್ ನಂಬರ್ ಕೇಳಿ, ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಪಟ್ಟು ಬೆಳೆಯಬಹುದು ಎಂದು ಅದು ಹೇಳುತ್ತದೆ. ಅದು 10⁶ ಬಂದರೆ 16 ಅಂಕಿಗಳಲ್ಲಿ ಸುಮಾರು ಆರು ಹೋದವು ಅಂತ ಲೆಕ್ಕ. 10¹⁶ ಬಂದರೆ ಏನೂ ಉಳಿಯಲಿಲ್ಲ.

ಸದ್ದಿಲ್ಲದ ತಪ್ಪು ತೋರಿಸುತ್ತೇನೆ ಅಂದಿದ್ದೆ. ಮೂವರು ಗೆಳೆಯರು ಹೋಟೆಲಿಗೆ ಹೋದರು. ಒಬ್ಬ 2 ಇಡ್ಲಿ, 1 ವಡೆ, 1 ಕಾಫಿ. ಇನ್ನೊಬ್ಬ ಇಡ್ಲಿ ಬೇಡ ಅಂದ, 2 ವಡೆ, 1 ಕಾಫಿ. ಮೂರನೆಯವ 4 ಇಡ್ಲಿ ತಿಂದು 2 ಕಾಫಿ ಕುಡಿದ. ಇಡ್ಲಿಗೆ 20, ವಡೆಗೆ 30, ಕಾಫಿಗೆ 15 ರೂಪಾಯಿ. ಆರ್ಡರ್ 3×3, ಒಬ್ಬೊಬ್ಬರಿಗೆ ಒಂದೊಂದು ಅಡ್ಡಸಾಲು. ಬೆಲೆ 3×1ರ ಕಂಬಸಾಲು. ಸ್ಟಾರ್ ಹಾಕಿ ಗುಣಿಸಿದರೆ ಬಿಲ್ಲು 85, 75, 110. ಸರಿ.

ಈಗ ಕೈತಪ್ಪಿ ಡಾಟ್ ಸ್ಟಾರ್ (ಬಿಡಿಬಿಡಿ ಗುಣಾಕಾರದ ಚಿಹ್ನೆ) ಹಾಕಿ, ಅಡ್ಡಸಾಲುಗಳನ್ನು ಕೂಡಿಸಿ. 80, 90, 90 ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಆಗಿದ್ದೇನು? ಮೊದಲನೆಯವ ತಿಂದದ್ದಕ್ಕೆಲ್ಲ ಇಡ್ಲಿ ಬೆಲೆ ಬಿತ್ತು, ಎರಡನೆಯವನಿಗೆಲ್ಲ ವಡೆ ಬೆಲೆ, ಮೂರನೆಯವನಿಗೆಲ್ಲ ಕಾಫಿ ಬೆಲೆ. 2016ರ ಬಿ ಆವೃತ್ತಿಗಿಂತ ಹಿಂದಿನ ಮ್ಯಾಟ್‌ಲ್ಯಾಬ್ ಆಗಿದ್ದರೆ ಅಳತೆ ಹೊಂದಲಿಲ್ಲ ಎಂದು ನಿಂತುಬಿಡುತ್ತಿತ್ತು. ಈಗ ಅದೇ ಹಿಗ್ಗಿಸಿ ಹೊಂದಿಸಿಕೊಳ್ಳುತ್ತದೆ. ಅನುಕೂಲವೇ, ಆದರೆ ನಿಮ್ಮನ್ನು ಕಾಯುತ್ತಿದ್ದ ಒಂದು ಬೇಲಿಯೂ ಹೋಯಿತು. ಪೈಥಾನ್‌ನ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಬರೀ ಸ್ಟಾರ್ ಹಾಕಿದರೇ ಬಿಡಿಬಿಡಿ ಗುಣಾಕಾರ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಅಲ್ಲಿ 'ಅಟ್' ಚಿಹ್ನೆ, ಅದು ಬಂದದ್ದು 2015ರ ಪೈಥಾನ್ 3.5ರಲ್ಲಿ.

ಹೊಸಬರ ಪ್ರೋಗ್ರಾಮ್ ನೋಡಲು ಕೂತಾಗ ನಾನು ಮಾಡುವ ಕೆಲಸ ಒಂದೇ. ಪ್ರತಿ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಅಳತೆ ಬರೆಯುತ್ತೇನೆ: 10×10, 10×1, 7×7. ಆಮೇಲೆ ಅಡ್ಡಸಾಲು ಅಂದರೇನು, ಕಂಬಸಾಲು ಅಂದರೇನು ಎಂದು ಕೇಳುತ್ತೇನೆ. ಹೆಚ್ಚಿನವರು ಎರಡನೇ ಪ್ರಶ್ನೆಗೇ ನಿಲ್ಲುತ್ತಾರೆ. ಸಿಂಟ್ಯಾಕ್ಸ್ ತಪ್ಪುಗಳನ್ನು ಯಂತ್ರವೇ ಹಿಡಿದುಕೊಡುತ್ತದೆ. ಅಳತೆ, ಅರ್ಥ ನಿಮ್ಮ ಜವಾಬ್ದಾರಿ.

ಲೂಪ್ ವಿಷಯದಲ್ಲಿ ನಿಮ್ಮ ಸರ್ ಹೇಳಿದ್ದು ಅರ್ಧ ನಿಜ. ಮ್ಯಾಟ್‌ಲ್ಯಾಬ್‌ನಲ್ಲಿ ಲೂಪ್ ತುಂಬ ನಿಧಾನ ಎನ್ನುವ ಕಾಲ ಇತ್ತು. 2015ರ ಬಿ ಆವೃತ್ತಿಯಲ್ಲಿ ಒಳಗಿನ ಯಂತ್ರವನ್ನೇ ಬದಲಿಸಿದರು, ಈಗ ಅಷ್ಟೇನೂ ಕೆಟ್ಟದಿಲ್ಲ. ಏಳು ಮೆಂಬರ್‌ಗಳನ್ನು ಒಂದೊಂದಾಗಿ ಜೋಡಿಸಲು ಲೂಪ್ ಬರೆದರೆ ಯಾವ ತಪ್ಪೂ ಇಲ್ಲ, ನಾನೂ ಹಾಗೇ ಬರೆಯುವುದು. ಆದರೆ ಎರಡು ಮ್ಯಾಟ್ರಿಕ್ಸ್ ಗುಣಿಸಲು ಸಿಯಲ್ಲಿ ಕಲಿತ ಹಾಗೆ ಮೂರು ಲೂಪ್ ಹಾಕಬೇಡಿ. 1000×1000 ಇದ್ದರೆ 100 ಕೋಟಿ ಗುಣಾಕಾರ. ಸ್ಟಾರ್‌ನ ಹಿಂದೆ ಪ್ರೊಸೆಸರ್‌ನ ನಾಡಿ ಹಿಡಿದು ಬರೆದ ಲೈಬ್ರರಿ ಇದೆ, ಅದನ್ನು ನಾನು ನೀವು ಮೀರಿಸಲಾರೆವು. ಅರ್ಥವಾಗಲಿ ಅಂತ ಒಂದು ಸಲ ಮೂರು ಲೂಪ್ ಬರೆಯಿರಿ, 3×3ಕ್ಕೆ ಕೈಲೆಕ್ಕದ ಜೊತೆ ತಾಳೆ ನೋಡಿ, ಆಮೇಲೆ ಅಳಿಸಿ. ನಿಜಕ್ಕೂ ನಿಧಾನ ಮಾಡುವುದು ಲೂಪ್ ಒಳಗೆ ಅರೇಯನ್ನು ಒಂದೊಂದೇ ಅಂಕಿಯಾಗಿ ಬೆಳೆಸುವ ಅಭ್ಯಾಸ. ಬೆಳೆಸಬೇಕಾದಾಗೆಲ್ಲ ಹೊಸ ಜಾಗ ಹುಡುಕಿ ಹಳೆಯದನ್ನು ನಕಲು ಮಾಡಬೇಕು. ಮೊದಲೇ ಸೊನ್ನೆಗಳಿಂದ ಪೂರ್ತಿ ಜಾಗ ಹಿಡಿದಿಡಿ.

ಮ್ಯಾಟ್‌ಲ್ಯಾಬೋ ಪೈಥಾನೋ? ಈ ಜಗಳದಲ್ಲಿ ನನಗೆ ಆಸಕ್ತಿ ಕಡಿಮೆ, ಆದರೆ ನಿಮ್ಮ ಟ್ರಸ್‌ನಲ್ಲೇ ಒಂದು ಗುಂಡಿ ಇದೆ, ಅದನ್ನು ತೋರಿಸದೆ ಬಿಡಲಾರೆ. ಕೆಳಗಿನ ಜಾಯಿಂಟ್‌ಗಳಿಗೆ 1, 2, 3, ಮೇಲಿನವಕ್ಕೆ 4, 5 ಎಂದು ನಂಬರ್ ಕೊಡಿ. ಪ್ರತಿ ಜಾಯಿಂಟ್‌ಗೂ ಮೊದಲು ಅಡ್ಡ ಚಲನೆ, ಆಮೇಲೆ ಲಂಬ ಚಲನೆ. 1ರಲ್ಲಿ ಪಿನ್, 3ರಲ್ಲಿ ರೋಲರ್ ಇದ್ದರೆ ತೆಗೆಯಬೇಕಾದ ಸಾಲುಗಳು 1, 2, 6. ಮ್ಯಾಟ್‌ಲ್ಯಾಬ್ 1ರಿಂದ ಎಣಿಸುತ್ತದೆ. ಪೈಥಾನ್ ನಿಮ್ಮ ಸಿ ಹಾಗೆ 0ಯಿಂದ ಎಣಿಸುತ್ತದೆ, ಅಲ್ಲಿ ಅವು 0, 1, 5. ರೂಮ್‌ಮೇಟ್ ಮಾತು ಕೇಳಿ ಪೈಥಾನ್‌ಗೆ ಹೋಗಿ 1, 2, 6ನ್ನೇ ತೆಗೆದಿರಿ ಅನ್ನಿ. ಕಟ್ಟಿದ್ದು 1ರ ಲಂಬ, 2ರ ಅಡ್ಡ, 4ರ ಅಡ್ಡ ಚಲನೆ. ಇದೂ ಅಲ್ಲಾಡದ ಟ್ರಸ್ಸೇ! ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುವುದಿಲ್ಲ, ವಾರ್ನಿಂಗ್ ಬರುವುದಿಲ್ಲ, ನಂಬುವ ಹಾಗಿನ ಉತ್ತರವೇ ಬರುತ್ತದೆ. ಅದು ಬೇರೆ ಯಾವುದೋ ಟ್ರಸ್‌ನ ಉತ್ತರ.

ಹಿಡಿಯುವ ದಾರಿ ಇದೆ. ಉತ್ತರ ಬಂದಮೇಲೆ ಪೂರ್ತಿ 10×10ರ ಮ್ಯಾಟ್ರಿಕ್ಸ್‌ನಿಂದ ಅದನ್ನು ಮತ್ತೆ ಗುಣಿಸಿ, ಲೋಡ್ ಕಳೆಯಿರಿ. ಉಳಿಯುವುದೇ ಸಪೋರ್ಟ್‌ಗಳ ಪ್ರತಿಬಲ. ನಿಮ್ಮ ಲೋಡ್ ನಟ್ಟ ನಡುವೆ ಇದೆ, ಹಾಗಾಗಿ 1ರಲ್ಲಿ 5, 3ರಲ್ಲಿ 5 ಕಿಲೋನ್ಯೂಟನ್ ಬರಲೇಬೇಕು. ತಪ್ಪಾಗಿ ಕಟ್ಟಿದ್ದರೆ ಹತ್ತೂ 1ರ ಮೇಲೇ ಬೀಳುತ್ತದೆ. ಒಟ್ಟು ಆಗಲೂ ಹತ್ತೇ. ಅದಕ್ಕೇ ಬರೀ ಒಟ್ಟು ನೋಡಿ ಸಮಾಧಾನ ಪಡಬೇಡಿ.

ಪೈಥಾನ್‌ಗೆ ಹೋಗುವುದಾದರೆ ಇನ್ನೂ ಎರಡು ಗುಂಡಿ. ನಂಪೈಯಲ್ಲಿ 1, 2, 3 ಅಂತ ಪೂರ್ಣಾಂಕಗಳ ಅರೇ ಮಾಡಿ, ಮೊದಲನೆಯದಕ್ಕೆ 2.7 ತುಂಬಿ ನೋಡಿ. ಸುಮ್ಮನೆ 2 ಎಂದು ಇಟ್ಟುಕೊಳ್ಳುತ್ತದೆ. ಅರೇಯ ಒಂದು ತುಂಡು ಕತ್ತರಿಸಿ ಬೇರೆ ಹೆಸರು ಕೊಟ್ಟರೆ ಅದು ನಕಲಲ್ಲ, ಅದೇ ಮೂಲ. ತುಂಡನ್ನು ತಿದ್ದಿದರೆ ಮೂಲವೂ ತಿದ್ದಿಹೋಗುತ್ತದೆ.

ಕ್ರ್ಯಾಕ್ ಮಾಡಿದ ಕಾಪಿಯನ್ನು ಇವತ್ತೇ ತೆಗೆಯಿರಿ. ಉಪದೇಶಕ್ಕಲ್ಲ. ಅದರ ಜೊತೆ ಏನೇನು ಬಂದು ಕೂತಿದೆಯೋ ಯಾರಿಗೂ ಗೊತ್ತಿಲ್ಲ, ನಿಮ್ಮ ಬ್ಯಾಂಕ್ ಪಾಸ್‌ವರ್ಡ್ ಇರುವುದೂ ಅದೇ ಲ್ಯಾಪ್‌ಟಾಪ್‌ನಲ್ಲಿ. ಕಾಲೇಜಿಗೆ ಕ್ಯಾಂಪಸ್ ಲೈಸೆನ್ಸ್ ಇದೆಯಾ ಎಂದು ಕೇಳಿ, ಇದ್ದರೂ ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಇಲ್ಲದಿದ್ದರೆ ಮ್ಯಾಟ್‌ಲ್ಯಾಬ್ ಆನ್‌ಲೈನ್‌ನ ಬೇಸಿಕ್ ರೂಪ ತಿಂಗಳಿಗೆ 20 ಗಂಟೆ ಉಚಿತ. ನಿಮ್ಮ ಟ್ರಸ್‌ಗೆ ಧಾರಾಳ.

ನಿಮಗೆ ನನ್ನ ಸಲಹೆ ಆಕ್ಟೇವ್, ಮ್ಯಾಟ್‌ಲ್ಯಾಬ್‌ನಂಥದ್ದೇ ಸಾಫ್ಟ್‌ವೇರ್. ಪೂರ್ತಿ ಉಚಿತ, 4 ಜಿಬಿಯಲ್ಲಿ ಆರಾಮಾಗಿ ಓಡುತ್ತದೆ, ನಿಮ್ಮ ಮ್ಯಾಟ್‌ಲ್ಯಾಬ್ ಫೈಲ್ ಬಹುಪಾಲು ಹಾಗೇ ನಡೆಯುತ್ತದೆ. ರ‍್ಯಾಮ್ ಚಿಂತೆ ಬೇಡ: 1000×1000ರ ಮ್ಯಾಟ್ರಿಕ್ಸ್‌ಗೆ ಬೇಕಾಗುವುದು 8 ಎಂಬಿ, ನಿಮ್ಮದು ಬರೀ 10×10. ಸಿಮ್ಯುಲಿಂಕ್ ಇಲ್ಲ, ಕೆಲವು ಟೂಲ್‌ಬಾಕ್ಸ್‌ಗಳಿಲ್ಲ, ಅದು ಅದರ ಕೊರತೆ. ಸೈಲ್ಯಾಬ್ ಕೂಡ ಉಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನವರು ಇಂಥ ಪಾಠಗಳನ್ನು ಕನ್ನಡದಲ್ಲೂ ಕೊಡುತ್ತಾರೆ. ಆದರೆ ಸೈಲ್ಯಾಬ್‌ನ ಬರವಣಿಗೆ ಸ್ವಲ್ಪ ಬೇರೆ. ಸರ್ ಕೇಳುವುದು ಮ್ಯಾಟ್‌ಲ್ಯಾಬ್ ಆದ್ದರಿಂದ ಈ ಸೆಮಿಸ್ಟರ್ ಎರಡು ದೋಣಿಯಲ್ಲಿ ಕಾಲಿಡಬೇಡಿ. ರಜೆಯಲ್ಲಿ ಇದೇ ಟ್ರಸ್ ಅನ್ನು ನಂಪೈಯಲ್ಲಿ ಮತ್ತೆ ಬರೆಯಿರಿ. ಉತ್ತರ ಗೊತ್ತಿರುವ ಲೆಕ್ಕದಿಂದ ಹೊಸ ಭಾಷೆ ಬೇಗ ಹತ್ತುತ್ತದೆ.

ಪ್ರೋಗ್ರಾಮಿಂಗ್ ನಮ್ಮಂಥವರಿಗಲ್ಲ ಅನ್ನಿಸಿದರೆ ಮ್ಯಾಟ್‌ಲ್ಯಾಬ್, ಆಕ್ಟೇವ್ ಹುಟ್ಟಿದ ಕಥೆ ಕೇಳಿ. 1970ರ ದಶಕದ ಕೊನೆಯಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಕ್ಲೀವ್ ಮೋಲರ್ ಮ್ಯಾಟ್‌ಲ್ಯಾಬ್ ಬರೆದದ್ದು ವಿದ್ಯಾರ್ಥಿಗಳು ಫೋರ್ಟ್ರಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಕಷ್ಟವಿಲ್ಲದೆ ಮ್ಯಾಟ್ರಿಕ್ಸ್ ಲೆಕ್ಕ ಮಾಡಲಿ ಅಂತ. ಆಕ್ಟೇವ್ ಶುರುವಾದದ್ದು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ. ರಿಯಾಕ್ಟರ್ ಬಗ್ಗೆ ಯೋಚಿಸಬೇಕಾದವರು ಫೋರ್ಟ್ರಾನ್ ತಪ್ಪು ಹುಡುಕುತ್ತಾ ಕೂರುತ್ತಿದ್ದರು. ಅದರ ಹೆಸರು ಕೂಡ ಸಂಗೀತದಿಂದ ಬಂದದ್ದಲ್ಲ, ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಕೆಮಿಕಲ್ ಎಂಜಿನಿಯರಿಂಗ್ ಮೇಷ್ಟ್ರದು. ಇಂಗ್ಲಿಷ್ ಎಷ್ಟು ಬೇಕು? ಐವತ್ತರವತ್ತು ಪದ, ಮತ್ತೆ ವಾರ್ನಿಂಗ್ ಅನ್ನು ಡಿಕ್ಷನರಿ ಹಿಡಿದಾದರೂ ಓದುವ ತಾಳ್ಮೆ. ಸಿವಿಲ್‌ನವರಿಗೆ ಬೇಕಾ ಅಂತ ಕೇಳಿದಿರಿ. ನಾಳೆ ಆಫೀಸಿನಲ್ಲಿ ನೀವು ಒತ್ತುವ ದೊಡ್ಡ ಸಾಫ್ಟ್‌ವೇರ್‌ಗಳ ಒಳಗೂ ಇದೇ ಮ್ಯಾಟ್ರಿಕ್ಸ್ ಇದೆ. ಅಲ್ಲೂ ಮೂಲೆಯ ಕಂಬ ಗಾಳಿಯಲ್ಲಿ ನಿಲ್ಲಬಹುದು.

ಈಗ ಮಾಡುವುದಿಷ್ಟು. ಸಾಲು 1, 2, 6ನ್ನು ಅಡ್ಡಕ್ಕೂ ಉದ್ದಕ್ಕೂ ತೆಗೆಯಿರಿ, ಲೋಡ್‌ನಿಂದಲೂ ತೆಗೆಯಿರಿ. ಉಳಿದ 7×7ಕ್ಕೆ ಬ್ಯಾಕ್‌ಸ್ಲ್ಯಾಶ್ ಹಾಕಿ. ಉಕ್ಕಿಗೆ 2×10¹¹ ಪ್ಯಾಸ್ಕಲ್ ಹಿಡಿದು ನಾನು ಕೈಲೆಕ್ಕ ಮಾಡಿದೆ: ನಡು ಜಾಯಿಂಟ್ 0.275 ಮಿಲಿಮೀಟರ್ ಕೆಳಗಿಳಿಯಬೇಕು. ನಿಮ್ಮ ಪರದೆಯಲ್ಲಿ ಮೀಟರ್‌ನಲ್ಲಿ -2.75×10⁻⁴ ಅಂತ ಬರುತ್ತದೆ. 10⁻¹⁰ ಬಂದರೆ ಅಡ್ಡಕೊಯ್ತವನ್ನು ಚದರ ಮೀಟರ್‌ಗೆ ಬದಲಿಸದೆ 1000 ಅಂತಲೇ ಹಾಕಿದ್ದೀರಿ.